ಹತ್ತಿಯ ಹಿಮ, ಕಾಗದದ ನಕ್ಷತ್ರ

ಡಿಸೆಂಬರಿನಲ್ಲಿ ಕಾಸರಗೋಡಿನ ಪೇಟೆಯಲ್ಲೂ ಮೂಡಣ ಮಲೆಯ ಊರುಗಳಲ್ಲೂ ಎರಡು ಬಗೆಯ ಕ್ರಿಸ್ಮಸ್ ಅಲಂಕಾರ ಕಾಣಸಿಗುತ್ತದೆ. ಒಂದು, ಜಗಲಿಯಲ್ಲಿ ತೂಗುವ ನಕ್ಷತ್ರ. ಇನ್ನೊಂದು, ಗಾಳಿಮರದ ಗೆಲ್ಲಿಗೆ ಹತ್ತಿ ಅಂಟಿಸಿ ಮಾಡಿದ ಹಿಮ. ನನ್ನ ಮಟ್ಟಿಗೆ ಮೊದಲನೆಯದು ಕವಿತೆ, ಎರಡನೆಯದು ಅನುಕರಣೆ. ಅಲಂಕಾರವೆಂಬ ಮಾತು ಕಾವ್ಯಕ್ಕೂ ಸಲ್ಲುವುದರಿಂದ ಈ ಭೇದವನ್ನು ಸಾಹಿತ್ಯದ ಅಳತೆಗೋಲಿನಿಂದಲೇ ಪರಿಶೀಲಿಸಬಹುದು.

ಹಿಮ ಪರದೇಶದ್ದೆಂಬುದು ನನ್ನ ಆಕ್ಷೇಪವಲ್ಲ. ನಕ್ಷತ್ರವೂ ಹೊರಗಿನಿಂದಲೇ ಬಂದದ್ದು. ಆದರೆ ನಕ್ಷತ್ರ ಮತ್ತಾಯನ ಸುವಾರ್ತೆಯಲ್ಲಿದೆ. ಹಿಮ ಮತ್ತಾಯನ ಜನನಕಥೆಯಲ್ಲೂ ಇಲ್ಲ, ಲೂಕನದರಲ್ಲೂ ಇಲ್ಲ. ಲೂಕನಲ್ಲಿ ಕುರುಬರು ರಾತ್ರಿ ಬಯಲಲ್ಲೇ ಮಂದೆ ಕಾಯುತ್ತಾರೆ. ಹಿಮ ಸೇರಿಕೊಂಡದ್ದು ಯುರೋಪಿನ ಚಳಿಗಾಲದಿಂದ. ಅದನ್ನು ಲೋಕಕ್ಕೆಲ್ಲ ಹಬ್ಬಿಸಿದ್ದರಲ್ಲಿ 1843ರ ಡಿಕನ್ಸನ ಕಥೆಗೂ ಆ ಶತಮಾನದ ಶುಭಾಶಯ ಪತ್ರಗಳಿಗೂ ದೊಡ್ಡ ಪಾಲಿದೆ. ಕಿಟಕಿ ತೆರೆದರೆ ಹಿಮ ಕಾಣುವವರಿಗೆ ಅದು ಸ್ವಭಾವೋಕ್ತಿ. ಹಗಲು 30 ಡಿಗ್ರಿ ದಾಟುವ ನಮ್ಮ ಕರಾವಳಿಯಲ್ಲಿ ಅದು ಔಚಿತ್ಯಭಂಗ. ಔಚಿತ್ಯವೇ ಕಾವ್ಯದ ಜೀವವೆಂದ ಹನ್ನೊಂದನೆಯ ಶತಮಾನದ ಕ್ಷೇಮೇಂದ್ರ, ನಿಜವಾದ ಹಿಮ ಕಂಡ ಕಾಶ್ಮೀರದವನು!

ನಕ್ಷತ್ರದ ಕತೆ ಬೇರೆ. ಬಿದಿರಿನ ಕಡ್ಡಿ, ಬಣ್ಣದ ಕಾಗದ, ಒಳಗೊಂದು ದೀಪ: ದೀಪಾವಳಿಗೆ ನಾವು ಕಟ್ಟುವ ಗೂಡುದೀಪದ ಸಾಮಗ್ರಿಯೂ ಇದೇ. ಈಗ ಪ್ಲಾಸ್ಟಿಕ್ಕಿನವು ಬಂದಿದ್ದರೂ, ಕ್ರೈಸ್ತರಲ್ಲದವರ ಮನೆಯಲ್ಲೂ ಅದು ತೂಗುವುದುಂಟು. ಕನ್ನಡ, ಮಲಯಾಳಗಳೆರಡರಲ್ಲೂ ಅದರ ಹೆಸರು ಒಂದೇ. ಗೋದಲಿಯೂ ಹಾಗೆಯೇ. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸ್ ತೋರಿಸಿದ ದೃಶ್ಯ ಇಲ್ಲಿ ಬೈಹುಲ್ಲಿನ ಮಾಡು ಹೊದ್ದು ಮಲಯಾಳದಲ್ಲಿ 'ಪುಲ್ಕೂಡು' ಆಯಿತು.

ಸಾಹಿತ್ಯದಲ್ಲೂ ಒಳ್ಳೆಯವರು ಹೀಗೆಯೇ ಮಾಡಿದರು. ಕಿಟ್ಟೆಲರು 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿಗೆ ತಂದರು. ವಳ್ಳತ್ತೋಳರು 1921ರಲ್ಲಿ 'ಮಗ್ದಲನ ಮರಿಯಂ' ಬರೆದರು. ನಮ್ಮ ಮಂಜೇಶ್ವರದ ಗೋವಿಂದ ಪೈಗಳು 'ಗೊಲ್ಗೊಥಾ' ಕೊಟ್ಟರು. ಕೊನೆಯ ಇಬ್ಬರೂ ಕ್ರೈಸ್ತರಲ್ಲ. ಅವರು ಪರದೇಶದ ಹವಾಮಾನವನ್ನು ಎರವಲು ತರಲಿಲ್ಲ, ಮನುಷ್ಯನ ನೋವನ್ನು ತಂದರು. ಅದಕ್ಕೆ ಗಡಿಯಿಲ್ಲ.

ಇಷ್ಟು ಹೇಳುವುದಕ್ಕೆ ಕಾರಣ, ನಮ್ಮ ಗಡಿನಾಡಿನ ಎಳೆಯರ ಕವಿತೆಗಳಲ್ಲೂ ಹತ್ತಿಯ ಹಿಮ ಬೀಳತೊಡಗಿರುವುದು. ಚಳಿಗಾಲವೆಂದರೆ ಸಾಕು, ಬೋಳುಮರ, ಬೆಂಕಿಗೂಡು, ಬಿಳಿಯ ಹಾದಿ. ನಾನು ಬ್ಯಾಂಕಿನ ಗುಮಾಸ್ತ. ಚೆಕ್ಕಿನ ಸಹಿ ಎಷ್ಟೇ ಚಂದವಿರಲಿ, ಮಾದರಿಗೆ ತಾಳೆಯಾಗದಿದ್ದರೆ ಹಣ ಕೊಡುವಂತಿಲ್ಲ. ಇಲ್ಲಿಯ ಡಿಸೆಂಬರಿನಲ್ಲಿ ಗೇರು ಹೂಬಿಡುತ್ತದೆ, ಬೆಳಗ್ಗೆ ಅಡಿಕೆ ಸೋಗೆಯಿಂದ ಇಬ್ಬನಿ ತೊಟ್ಟಿಕ್ಕುತ್ತದೆ. ಅದಕ್ಕೆ ನಮ್ಮಲ್ಲಿ 'ಮಂಜು' ಎಂಬ ಮಾತಿದೆ. ನೆರೆಯ ಮಲಯಾಳಿಯೂ ಅದನ್ನೇ ತುಸು ಬೇರೆ ಉಚ್ಚಾರದಲ್ಲಿ ಆಡುತ್ತಾನೆ.

1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿರುವ ಕನ್ನಡಿಗರು. ಕಾಲ ಬಳಿಯ ಮಣ್ಣಿಗೆ, ತಲೆಯ ಮೇಲಣ ಮಂಜಿಗೆ ತಾಗದ ಕನ್ನಡವನ್ನು ಮಕ್ಕಳಿಗೆ ಕಲಿಸಿದರೆ, ಅದೂ ವರ್ಷಕ್ಕೊಮ್ಮೆ ಕಟ್ಟಿ ಮರುದಿನ ಬಿಚ್ಚುವ ತೋರಣವಾದೀತು. ಹಬ್ಬ ಯಾರದ್ದೇ ಇರಲಿ, ದೀಪ ಎಲ್ಲಿಯದ್ದೇ ಇರಲಿ, ಬಿದಿರು ನಮ್ಮ ಹಿತ್ತಿಲದ್ದಾಗಿರಲಿ.