ಡಿಮ್ಮು ಹೋದ ಬೈಕು

ಈ ವಾರ ಚೈನ್ ಬಗ್ಗೆ ಬರೆಯುವುದೆಂದು ಹೇಳಿದ್ದೆ. ಚೈನ್ ಕಾಯಲಿ. ಮೇ ತಿಂಗಳು ಮುಗಿಯುತ್ತ ಬಂತು, ಮಿರ್ಗದ ಮಳೆ ಇನ್ನೇನು ಹಿಡಿಯುತ್ತದೆ. ಕಾರವಾರ–ಅಂಕೋಲೆ ನಡುವೆ ಕತ್ತಲಾದ ಮೇಲೆ ಎದುರಿಗೆ ಬರುವ ಬೈಕುಗಳನ್ನು ನೋಡಿ. ಅಮದಳ್ಳಿಯಿಂದ ಅವರ್ಸಾದವರೆಗೆ ಕೈ ಮಾಡಿದರೂ, ಲೈಟ್ ಮಿಟುಕಿಸಿದರೂ ಹೈಬೀಮ್ ಇಳಿಸದೆ ಬರುವವರು ಸಿಕ್ಕೇ ಸಿಗುತ್ತಾರೆ. ಎಲ್ಲರೂ ಸೊಕ್ಕಿನವರೆಂದು ನಾನು ಒಪ್ಪುವುದಿಲ್ಲ. ಅವರಲ್ಲಿ ಅನೇಕರ ಗಾಡಿಯ ಡಿಮ್ಮು ಹೋಗಿದೆ, ಅಷ್ಟೇ.

ಹ್ಯಾಲೊಜನ್ ಬಲ್ಬಿನೊಳಗೆ ಎರಡು ತಂತುಗಳಿವೆ: ಡಿಮ್ಮಿಗೊಂದು, ಹೈಗೊಂದು. 2017ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಹೊಸ ದ್ವಿಚಕ್ರಗಳಿಗೆ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲವಾಯಿತು. ಪ್ರತ್ಯೇಕ ಹಗಲು ದೀಪವಿಲ್ಲದ ಗಾಡಿಯಲ್ಲಿ ಇಂಜಿನ್ ಎದ್ದೊಡನೆ ಡಿಮ್ಮು ಹತ್ತುತ್ತದೆ, ಪೇಟೆಯ ಮಟಮಟ ಮಧ್ಯಾಹ್ನದಲ್ಲೂ ಉರಿಯುತ್ತದೆ. ಹೈ ತಂತು ರಾತ್ರಿ ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ದುಡಿದು ಸುಮ್ಮನಾಗುತ್ತದೆ. ಹೀಗಾಗಿ ಮೊದಲು ಸುಡುವುದು ಡಿಮ್ಮೇ. ಆಗ ಸವಾರ ಹೆಬ್ಬೆರಳಿನಿಂದ ಸ್ವಿಚ್ ಮೇಲಕ್ಕೆ ತಳ್ಳುತ್ತಾನೆ. ‘ಇನ್ನೂ ಒಂದು ಉರೀತದಲ್ಲ’ ಎಂದು ಮಳೆಗಾಲವನ್ನೆಲ್ಲ ಅದರಲ್ಲೇ ಕಳೆಯುತ್ತಾನೆ. ಅವನಿಗೆ ದಾರಿ ಕಾಣುತ್ತದೆ, ಎದುರಿನವನಿಗೆ ಕಾಣುವುದಿಲ್ಲ.

2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಕುಸಿದ ಮೇಲೆ ಇದರ ಬಿಸಿ ಹೆಚ್ಚು ತಟ್ಟಿತು. ಅಲ್ಲಿಯವರೆಗೆ ಹೋಗುವವರಿಗೊಂದು, ಬರುವವರಿಗೊಂದು ಸೇತುವೆಯಿತ್ತು. ಆಮೇಲೆ ಕೋಡಿಬಾಗದವರೂ ಸದಾಶಿವಗಡದವರೂ ಉಳಿದ ಒಂದನ್ನೇ ಹಂಚಿಕೊಳ್ಳಬೇಕಾಯಿತು. ಒದ್ದೆ ರಸ್ತೆ, ಎದುರಿಗೆ ಇಳಿಯದ ಹೈಬೀಮ್. ಹಿಂದೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡವನು ಆ ಕೆಲವು ಕ್ಷಣ ಕುರುಡನಂತೆ ಗಾಡಿ ಓಡಿಸುತ್ತಾನೆ.

ನನಗೆ ಅಚ್ಚುಮೆಚ್ಚಿನ ಒಂದು ಪಾಠ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿದೆ: 1989ರ ನಿಯಮಗಳ ಪೈಕಿ 106ನೆಯದು. ಕಾನೂನಿನ ಭಾಷೆ ಒಣಗಿದ್ದೆನ್ನುವವರು ಇದನ್ನೊಮ್ಮೆ ಓದಬೇಕು. ಅದು ಮೊದಲು ರಸ್ತೆಯ ಮೇಲೆ ಒಬ್ಬ ಮನುಷ್ಯನನ್ನು ನಿಲ್ಲಿಸುತ್ತದೆ. ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ. ಅವನ ಕಣ್ಣು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ. ಆ ಕಣ್ಣು ಕುಕ್ಕದಷ್ಟು ಬೆಳಕು ಕೆಳಕ್ಕೆ ಬಾಗಿರಬೇಕು, ಇಲ್ಲವಾದರೆ ಚಾಲಕ ಅದನ್ನು ಬಾಗಿಸುವಂತಿರಬೇಕು. ದೀಪದ ರಚನೆ, ಜೋಡಣೆ ಸರಿಯಿದ್ದರೆ ಸಾಲದು, ಅದನ್ನು ಹಾಗೇ ಕಾಪಾಡಿಕೊಂಡೂ ಬರಬೇಕು. ಡಿಮ್ಮು ಹೋದ ಬೈಕಿನಲ್ಲಿ ಬಾಗಿಸುವ ದಾರಿಯೇ ಮುಚ್ಚಿಹೋಗಿದೆ. ಆದ್ದರಿಂದ ಬಲ್ಬು ಯಾವಾಗ ಬದಲಿಸಬೇಕು ಎಂದು ಕೇಳುವ ಓದುಗರಿಗೆ ನನ್ನ ಉತ್ತರ ಒಂದೇ: ಎರಡೂ ತಂತು ಹೋಗಲೆಂದು ಕಾಯಬೇಡಿ. ಡಿಮ್ಮು ಹೋದರೆ ಬಲ್ಬು ಹೋಯಿತೆಂದೇ ಲೆಕ್ಕ.

ಅದಕ್ಕೂ ಮೊದಲೇ ಸುಳಿವು ಸಿಗುತ್ತದೆ. ಗಾಜಿನ ಒಳಗೋಡೆಗೆ ಬೂದು ಬಣ್ಣದ ಹೊಗೆ ಹಿಡಿದಿರುತ್ತದೆ, ತಂತು ಜೋತು ಬಿದ್ದಿರುತ್ತದೆ, ಬೆಳಕು ಕೆಂಪಿಗೆ ತಿರುಗಿರುತ್ತದೆ. ಆದರೆ ಬೆಳಕು ಮಂಕಾಯಿತೆಂದು ಬಲ್ಬನ್ನೇ ದೂರುವುದು ನಮ್ಮ ಕರಾವಳಿಯಲ್ಲಿ ತಪ್ಪು. ಇಲ್ಲಿ ಕಳ್ಳ ಹೆಚ್ಚಾಗಿ ಕಪ್ಲರಿನಲ್ಲಿರುತ್ತಾನೆ. ಡೂಮ್ ಬಿಚ್ಚಿ ಬಲ್ಬಿನ ಹಿಂದಿನ ಕಪ್ಲರನ್ನು ಎಳೆದು ಒಳಗೆ ಇಣುಕಿ. ಹಿತ್ತಾಳೆಯ ಮೂರು ಪಿನ್ನುಗಳ ಸಂದಿಯಲ್ಲಿ ಹಸಿರು ಕಿಲುಬು, ಒಂದರ ಸುತ್ತ ಪ್ಲಾಸ್ಟಿಕ್ ಕಂದುಗಟ್ಟಿ ಉಬ್ಬಿರುತ್ತದೆ. ಕಡಲ ಗಾಳಿಯ ಉಪ್ಪಿನ ಕೆಲಸ ಅದು. 35 ವ್ಯಾಟಿನ ಬಲ್ಬು ಸುಮಾರು 3 ಆಂಪಿಯರ್ ಎಳೆಯುತ್ತದೆ. ಕಿಲುಬು ಹಿಡಿದ ಪಿನ್ನು ಅರ್ಧ ಓಮ್‌ನಷ್ಟು ತಡೆ ಒಡ್ಡಿದರೂ ಅಲ್ಲೇ ಒಂದು ವೋಲ್ಟಿಗಿಂತ ಹೆಚ್ಚು ಸೋರಿಹೋಗಿ ಶಾಖವಾಗುತ್ತದೆ. ಬಲ್ಬಿಗೆ ವೋಲ್ಟೇಜು ಶೇ 10 ಕಡಿಮೆಯಾದರೆ ಬೆಳಕು ಕಡಿಮೆಯಾಗುವುದು ಶೇ 10 ಅಲ್ಲ, ಶೇ 30ರಷ್ಟು. ಅಂಥ ಹೋಲ್ಡರಿಗೆ ಹೊಸ ಬಲ್ಬು ಹಾಕಿದರೆ ಹೊಸ ಬಲ್ಬೂ ಮಂಕಾಗಿಯೇ ಉರಿಯುತ್ತದೆ. ಕಪ್ಲರ್ ಬದಲಿಸಿ, ಫ್ರೇಮಿಗೆ ಕೂರಿಸಿದ ಅರ್ಥ್ ವೈರಿನ ತುಕ್ಕು ಉಜ್ಜಿ, ಆಮೇಲೆ ಬಲ್ಬಿನ ಮಾತು. ಇದಕ್ಕೆ ತದ್ವಿರುದ್ಧ, ಬಲ್ಬು ಮೇಲಿಂದ ಮೇಲೆ ಸುಡುತ್ತಿದ್ದರೆ ರೆಗ್ಯುಲೇಟರ್ ನೋಡಿಸಿ. ವೋಲ್ಟೇಜು ಶೇ 5 ಏರಿದರೂ ಬಲ್ಬಿನ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಬಲ್ಬು ಹಾಕುವ ಕ್ರಮ ನಿಮಗೆ ಗೊತ್ತಿರುವುದೇ. ಗಾಜು ಮುಟ್ಟಬೇಡಿ ಎಂಬುದೊಂದನ್ನು ಮತ್ತೆ ಹೇಳುತ್ತೇನೆ. ಬೆರಳಿನ ಎಣ್ಣೆ, ಬೆವರಿನ ಉಪ್ಪು ಕ್ವಾರ್ಟ್ಜ್ ಗಾಜಿನ ಮೇಲೆ ಕೂತರೆ ಆ ಜಾಗ ಅತಿಯಾಗಿ ಕಾದು ಗಾಜು ಹಾಳಾಗುತ್ತದೆ. ಮುಟ್ಟಿಬಿಟ್ಟರೆ ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಹಿಂದಿನ ರಬ್ಬರ್ ಬೂಟು ಹರಿದಿದ್ದರೆ ಹೊಸದು ತನ್ನಿ. ಹರಿದ ಬೂಟಿನಿಂದ ತೇವ ಒಳಹೊಕ್ಕು ರಿಫ್ಲೆಕ್ಟರಿನ ಬೆಳ್ಳಿ ಹೊಳಪು ಎದ್ದುಹೋಗುತ್ತದೆ. ಆಮೇಲೆ ಎಂಥ ಬಲ್ಬು ಹಾಕಿದರೂ ಪ್ರಯೋಜನವಿಲ್ಲ.

ಇನ್ನು ಬೆಳ್ಳಗಿನ ಬೆಳಕಿನ ಪಂಗಡದವರಿಗೆ ಎರಡು ಮಾತು. ಮೊದಲು ಇವರು ಬುಲೆಟ್ಟಿಗೆ 100/90 ಬಲ್ಬು ಹಾಕಿಸಿ ಹೋಲ್ಡರ್ ಕರಗಿಸಿಕೊಂಡರು. ಈಗ ಹ್ಯಾಲೊಜನ್ ಡೂಮಿನೊಳಗೆ ಎಲ್‌ಇಡಿ ತುರುಕುತ್ತಾರೆ. ಕಂಪನಿಯೇ ಎಲ್‌ಇಡಿಗೆಂದು ರೂಪಿಸಿದ ಹೆಡ್‌ಲೈಟಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹ್ಯಾಲೊಜನ್ ಬಲ್ಬಿನಲ್ಲಿ ಡಿಮ್ ತಂತುವಿನ ಕೆಳಗೆ ಒಂದು ಪುಟ್ಟ ಲೋಹದ ಚಿಪ್ಪಿದೆ. ಅದು ಬೆಳಕನ್ನು ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬಿಡುತ್ತದೆ, ಅಲ್ಲಿಂದ ಅದು ರಸ್ತೆಗೆ ಇಳಿಯುತ್ತದೆ. ಇಡೀ ಲೆಕ್ಕ ನಿಂತಿರುವುದು ಆ ಸಣ್ಣ ತಂತು ಎಲ್ಲಿದೆ ಎಂಬುದರ ಮೇಲೆ. ಅದೇ ಜಾಗದಲ್ಲಿ ದಪ್ಪ ಹಲಗೆಯ ಎರಡು ಬದಿಗೆ ಅಂಟಿಸಿದ ಎಲ್‌ಇಡಿ ಚಿಪ್‌ಗಳನ್ನು ತಂದಿಟ್ಟರೆ ಬೆಳಕು ಚೆದುರಿ ಎದುರಿನವನ ಮುಖಕ್ಕೆ ಹೋಗುತ್ತದೆ. ಸವಾರನಿಗೆ ಮುಂದಿನ ಹತ್ತು ಅಡಿ ಬೆಳ್ಳಗೆ ಕಂಡು ಖುಷಿಯಾಗುತ್ತದೆ, ದೂರದ ಕತ್ತಲೆ ಹಾಗೇ ಉಳಿಯುತ್ತದೆ. ಮಳೆಯಲ್ಲಿ ರಸ್ತೆ ನಡುವೆ ಮಲಗಿದ ಎಮ್ಮೆ ಇರುವುದು ಆ ಕತ್ತಲೆಯಲ್ಲಿ. ಸಾಲದ್ದಕ್ಕೆ ಅನೇಕ ಎಲ್‌ಇಡಿಗಳ ಹಿಂದಿನ ಫ್ಯಾನಿಗೆ ಜಾಗ ಮಾಡಲು ರಬ್ಬರ್ ಬೂಟನ್ನು ಕತ್ತರಿಸುತ್ತಾರೆ. ಬೆಂಗಳೂರಿನಲ್ಲಿ ಅದು ನಡೆದೀತು. ಸಮುದ್ರದ ಪಕ್ಕದ ಊರಿನಲ್ಲಿ ಅದು ಉಪ್ಪಿಗೆ ಬಾಗಿಲು ತೆರೆದಂತೆ. ಕಂಪನಿ ಹೇಳಿದ ಬಲ್ಬು, ಅದು ಹೇಳಿದ ವ್ಯಾಟು: ಇದನ್ನು ಮೀರಿದ ಬಲ್ಬು ನನ್ನ ಅನುಭವದಲ್ಲಿಲ್ಲ. ಎಚ್‌ಎಸ್1 ಕೇಳುವ ಗಾಡಿಗೆ ಎಚ್4 ಬೇಡ. ನೋಡಲು ಅಣ್ಣತಮ್ಮಂದಿರಂತಿದ್ದರೂ ಒಂದು 35/35, ಇನ್ನೊಂದು 60/55 ವ್ಯಾಟು.

ಬರೆಯುತ್ತ ಬರೆಯುತ್ತ ಬಲ್ಬಿಗಿಂತ ದೊಡ್ಡ ವಿಷಯಕ್ಕೆ ಬಂದೆ. ಬೈತಖೋಲ ಬಂದರಿನಿಂದ ನಸುಕಿನಲ್ಲಿ ಹೊರಡುವ ಮೀನಿನ ಬೈಕುಗಳನ್ನು ಗಮನಿಸಿ. ಹಿಂದೆ ಮಂಜುಗಡ್ಡೆ ತುಂಬಿದ ಮೀನಿನ ಪೆಟ್ಟಿಗೆ. ಹಿಂಬದಿ ಶಾಕ್ ಪೂರ್ತಿ ಕೂತು ಮೂತಿ ಮೇಲೆದ್ದಿರುತ್ತದೆ. ಒಳ್ಳೆಯ ಬಲ್ಬು, ಸರಿಯಾದ ಡಿಮ್ಮು, ಆದರೂ ಬೆಳಕು ಹೋಗುವುದು ತೆಂಗಿನ ಗರಿಗೆ. ಕದ್ರಾ ದಾಟಿ ಕೈಗಾ ಕಡೆಗೋ, ಅರಬೈಲ್ ಘಟ್ಟದ ದಾರಿಗೋ ಭಾರ ಹೇರಿಕೊಂಡು ಹೋಗುವವರೆಲ್ಲರ ಕಥೆ ಇದೇ. ಆದ್ದರಿಂದ ದಿನವೂ ಹೇರುವಷ್ಟೇ ಭಾರ ಹೇರಿ, ಸವಾರನೂ ಕೂತು, ಗೋಡೆಯಿಂದ ಏಳೆಂಟು ಮೀಟರ್ ದೂರ ಸಮತಟ್ಟಿನಲ್ಲಿ ಗಾಡಿ ನಿಲ್ಲಿಸಿ. ಡಿಮ್ಮಿನ ಬೆಳಕಿನ ಮೇಲಂಚು ಗೋಡೆಯ ಮೇಲೆ ಹೆಡ್‌ಲೈಟಿನ ಎತ್ತರಕ್ಕಿಂತ ತುಸು ಕೆಳಗಿರಬೇಕು. ಮೇಲಿದ್ದರೆ ಡೂಮಿನ ಸ್ಕ್ರೂ ತಿರುಗಿಸಿ ಇಳಿಸಿ. ಐದು ನಿಮಿಷದ ಕೆಲಸ.

ನಮ್ಮ ಗ್ಯಾರೇಜಿನವರಲ್ಲಿ ಒಂದು ಕೋರಿಕೆ. ಮಳೆಗಾಲಕ್ಕೆ ಮುಂಚೆ ಸರ್ವಿಸಿಗೆ ಬಂದ ಪ್ರತಿ ಗಾಡಿಯ ಸ್ವಿಚ್ ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ ಒತ್ತಿ ನೋಡಿ. ಡಿಮ್ಮು ಹೋಗಿದ್ದರೆ ಗಿರಾಕಿಗೆ ಹೇಳಿ, ಬೇಡವೆಂದರೆ ಇನ್ನೊಮ್ಮೆ ಹೇಳಿ. ಬಲ್ಬು ಹಾಕದೆ ಆ ಬೈಕನ್ನು ಹೊರಗೆ ಬಿಡಬೇಡಿ.