ಮುಳುಗದ ಹಡಗುಗಳ ಲೆಕ್ಕ

ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿನ ಜನ ರೇಡಿಯೊದಲ್ಲಿ ಕಾದು ಕೇಳುತ್ತಿದ್ದುದು ‘ದೈಹೊನೇ ಹಪ್ಯೋ’, ಅಂದರೆ ಸರ್ವೋಚ್ಚ ಸೇನಾ ಕಚೇರಿಯ ಪ್ರಕಟಣೆ. ಇಂದು ಅಲ್ಲಿ ಆ ಮಾತಿಗೆ ಅಧಿಕಾರದಲ್ಲಿದ್ದವರು ಹೇಳುವ ಸುಳ್ಳು ಎಂಬ ಅರ್ಥವೇ ನಿಂತುಬಿಟ್ಟಿದೆ. ಸುಳ್ಳನ್ನು ಎಲ್ಲ ದೇಶಗಳೂ ಹೇಳಿದವು. ಪರ್ಲ್ ಹಾರ್ಬರಿನ ನಷ್ಟದ ಪೂರ್ತಿ ವಿವರ ಅಮೆರಿಕದ ಜನರಿಗೆ ತಿಳಿಯಲು ಒಂದು ವರ್ಷ ಹಿಡಿಯಿತು. ಆದರೆ ಅಲ್ಲಿ ಯುದ್ಧ ನಡೆಸುವವರ ಕೈಯಲ್ಲಿ ಸರಿಯಾದ ಲೆಕ್ಕವಿತ್ತು. ಜಪಾನಿನಲ್ಲಿ ಜನರ ಕೆಚ್ಚು ಉಳಿಸಲು ಹೊರಟ ಪ್ರಕಟಣೆಯನ್ನು ನಂಬಿ ದಂಡನ್ನೇ ನಡೆಸಿದರು.

1944ರ ಅಕ್ಟೋಬರ್ 12ರಿಂದ ಐದು ದಿನ ಫಾರ್ಮೋಸಾ, ಅಂದರೆ ಇಂದಿನ ತೈವಾನ್, ಸುತ್ತ ನಡೆದ ವಾಯುಯುದ್ಧವನ್ನೇ ನೋಡಿ. 11 ವಿಮಾನವಾಹಕ ನೌಕೆಗಳನ್ನು ಮುಳುಗಿಸಿದೆವು, ಇನ್ನೂ 8ಕ್ಕೆ ಪೆಟ್ಟು ಕೊಟ್ಟೆವು ಎಂದು ಪ್ರಕಟಣೆ ಹೊರಟಿತು. ಕೂಡಿದರೆ 19. ಎದುರಿಗಿದ್ದ ಅಮೆರಿಕದ ಅಡ್ಮಿರಲ್ ಹಾಲ್ಸಿಯ ಪಡೆಯಲ್ಲಿ ಇದ್ದದ್ದೇ 17. ಅವುಗಳಲ್ಲಿ ಒಂದೂ ಮುಳುಗಿರಲಿಲ್ಲ. ಕ್ಯಾನ್‌ಬೆರಾ, ಹ್ಯೂಸ್ಟನ್ ಎಂಬ ಎರಡು ಕ್ರೂಸರ್‌ಗಳಿಗೆ ಟಾರ್ಪೆಡೊ ಬಿದ್ದು ಭಾರಿ ಹಾನಿಯಾಗಿತ್ತು, ಅಷ್ಟೆ. ಜಪಾನ್ ಕಳೆದುಕೊಂಡದ್ದು 300ಕ್ಕೂ ಹೆಚ್ಚು ವಿಮಾನ.

ಈ ಲೆಕ್ಕ ಯಾರೋ ಒಬ್ಬರು ಮೇಜಿನ ಮುಂದೆ ಕೂತು ಹುಟ್ಟಿಸಿದ್ದಲ್ಲ ಎಂಬುದೇ ನನ್ನನ್ನು ಕಲಕುವ ಸಂಗತಿ. ತರಬೇತಿ ಸಾಲದ ಹುಡುಗರನ್ನು ಕತ್ತಲಲ್ಲಿ, ಕೆಟ್ಟ ಹವೆಯಲ್ಲಿ ಕಳಿಸಿದರು. ಉರಿದು ಬೀಳುತ್ತಿದ್ದ ತಮ್ಮವರದೇ ವಿಮಾನಗಳ ಬೆಂಕಿ ಅವರ ಕಣ್ಣಿಗೆ ಶತ್ರುವಿನ ಹಡಗು ಹೊತ್ತಿಕೊಂಡಂತೆ ಕಂಡಿತು. ಹಗಲಲ್ಲಿ ನೆಲದ ಮೇಲೆ ನಿಂತಿದ್ದ ಜಪಾನಿನ ಅಡ್ಮಿರಲ್ ಫುಕುದೊಮೆ ಅವರೇ ಆಕಾಶದಿಂದ ಉದುರುತ್ತಿದ್ದ ವಿಮಾನಗಳನ್ನು ಕಂಡು ಮೊದಲು ಚಪ್ಪಾಳೆ ತಟ್ಟಿದ್ದರು. ಉದುರುತ್ತಿದ್ದವು ತಮ್ಮವೇ ಎಂದು ಆಮೇಲೆ ಗೊತ್ತಾಯಿತು. ಹೀಗಿರುವಾಗ ಮರಳಿ ಬಂದ ಹುಡುಗನ ಮಾತನ್ನು ಅನುಮಾನಿಸುವವರು ಯಾರು? ಮರಳಿ ಬಾರದವನ ಲೆಕ್ಕದಲ್ಲಿ ಒಂದು ಹಡಗು ಕಳೆಯುವುದೆಂದರೆ ಅವನ ಸಾವನ್ನೇ ಹಗುರ ಮಾಡಿದಂತೆ. ಕೆಚ್ಚೇ ಧರ್ಮವಾದ ಕಡೆ ಕೂಡುವುದು ಸುಲಭ, ಕಳೆಯುವುದು ದ್ರೋಹ.

ಕಳೆಯಲು ಹೊರಟವರೂ ಇದ್ದರು. ಭೂಸೇನೆಯ ಗುಪ್ತಚರ ಅಧಿಕಾರಿ ಹೊರಿ ಎಯ್ಜೊ ಕಾನೋಯಾ ವಾಯುನೆಲೆಯಲ್ಲಿ ಪೈಲಟ್‌ಗಳನ್ನು ಒಬ್ಬೊಬ್ಬರನ್ನಾಗಿ ಕೇಳಿದರು: ಯಾವ ಹಡಗು, ಮುಳುಗಿದ್ದನ್ನು ಕಂಡವರು ಯಾರು? ಉತ್ತರ ತಡವರಿಸಿತು. ಈ ಲೆಕ್ಕ ನಂಬುವಂಥದ್ದಲ್ಲವೆಂದು ಅವರು ಟೋಕಿಯೋಗೆ ತಂತಿ ಕಳಿಸಿದರು. ಅದರಿಂದ ಏನೂ ಬದಲಾಗಲಿಲ್ಲ. ಕೆಲವೇ ದಿನಗಳಲ್ಲಿ ವೀಕ್ಷಣಾ ವಿಮಾನಗಳಿಗೆ ವಾಹಕ ನೌಕೆಗಳು ಸಮುದ್ರದಲ್ಲಿ ಓಡಾಡುವುದು ಕಂಡಿತು. ನೌಕಾಪಡೆಗೆ ಸತ್ಯ ತಿಳಿಯಿತು. ಅದನ್ನು ಭೂಸೇನೆಗೆ ಹೇಳಲಿಲ್ಲ. ಚಕ್ರವರ್ತಿಯಿಂದ ಪ್ರಶಂಸೆಯ ಆಜ್ಞಾಪತ್ರವೂ ಬಂತು. ಜನಕ್ಕೆ ಮಾಡಿದ ಮೋಸಕ್ಕಿಂತ ನೌಕಾಪಡೆಯ ಈ ಮೌನವನ್ನು ನಾನು ದೊಡ್ಡ ಅಪರಾಧವೆನ್ನುತ್ತೇನೆ.

ಫಿಲಿಪೀನ್ಸ್‌ನಲ್ಲಿ ಭೂಸೇನೆ ಎಚ್ಚರದ ಯೋಜನೆಯನ್ನೇ ಹಾಕಿಕೊಂಡಿತ್ತು: ನಿರ್ಣಾಯಕ ಯುದ್ಧ ಲೂಜಾನ್ ದ್ವೀಪದಲ್ಲಿ ಮಾತ್ರ. ಅಕ್ಟೋಬರ್ 20ರಂದು ಅಮೆರಿಕನ್ನರು ಲೇಟೆ ದ್ವೀಪದಲ್ಲಿ ಇಳಿದಾಗ, ಬೆನ್ನಿಗೆ ಹಡಗುಗಳಿಲ್ಲದ ಶತ್ರು ಎಂದೇ ತಿಳಿದು ಆ ಯೋಜನೆಯನ್ನು ತಿರುವಿಹಾಕಿ ನಿರ್ಣಾಯಕ ಯುದ್ಧ ಲೇಟೆಯಲ್ಲೇ ಎಂದರು. ಅಲ್ಲಿನ ಭೂಸೇನೆಯ ದಂಡನಾಯಕ ಯಮಶಿತ ವಿರೋಧಿಸಿದರು, ಮೇಲಿನವರು ಒಪ್ಪಲಿಲ್ಲ. ಮುಳುಗಿವೆ ಎನ್ನಲಾದ ನೌಕೆಗಳಿಂದಲೇ ಹಾರಿಬಂದ ವಿಮಾನಗಳು ಲೇಟೆಯ ಓರ್ಮೋಕ್ ಕೊಲ್ಲಿಗೆ ಸೈನಿಕರನ್ನು ತರುತ್ತಿದ್ದ ಹಡಗುಗಳನ್ನು ಮುಳುಗಿಸಿದವು. ದಡ ಮುಟ್ಟಿದವರಿಗೆ ಅಕ್ಕಿಯೂ ಇರಲಿಲ್ಲ, ಹಿಂದಿರುಗುವ ದಾರಿಯೂ ಇರಲಿಲ್ಲ. ಲೇಟೆಯಲ್ಲಿ ಸತ್ತ ಜಪಾನೀ ಸೈನಿಕರು ಸುಮಾರು 80,000.