ಬೀಳಿಸಿ ನೋಡಿ, ಆಮೇಲೆ ರಿಪೇರಿ

ಮನೆಯ ಕಂಪ್ಯೂಟರ್ ಇದ್ದಕ್ಕಿದ್ದಂತೆ ಆಫ್ ಆಗುತ್ತಿದೆ ಎಂದು ಯಾರಿಗೆ ಹೇಳಿದರೂ ಬರುವ ಉತ್ತರ ಒಂದೇ: ‘ಫಾರ್ಮ್ಯಾಟ್ ಮಾಡಿಬಿಡಿ.’ ಯಲಹಂಕ ನ್ಯೂಟೌನಿನ ಅಂಗಡಿಯವನೂ ಇದನ್ನೇ ಹೇಳುತ್ತಾನೆ, ಆರ್.ಟಿ. ನಗರದ ಸರ್ವೀಸ್ ಹುಡುಗನೂ ಇದನ್ನೇ ಹೇಳುತ್ತಾನೆ, ಇಂಜಿನಿಯರಿಂಗ್ ಓದುತ್ತಿರುವ ಎದುರುಮನೆಯ ಮಗನೂ ಇದನ್ನೇ ಹೇಳುತ್ತಾನೆ. ಈ ಸಲಹೆಯ ಮೇಲೆ ನನಗೆ ಹಳೆಯ ಸಿಟ್ಟಿದೆ. ಫಾರ್ಮ್ಯಾಟ್ ಮಾಡಿದರೆ ಮೊದಲು ಅಳಿಸಿಹೋಗುವುದು ವೈರಸ್ ಅಲ್ಲ, ಸಾಕ್ಷಿ. ನೀಲಿ ಪರದೆ ಬಂದಾಗಲೆಲ್ಲ ವಿಂಡೋಸ್ ತನ್ನ ಫೋಲ್ಡರಿನೊಳಗೆ ‘ಮಿನಿಡಂಪ್’ ಎಂಬ ಚಿಕ್ಕ ಕಡತವನ್ನು ಬರೆದಿಡುತ್ತದೆ, ಬಿದ್ದ ಕ್ಷಣದಲ್ಲಿ ಯಾವ ಕೆಲಸ ನಡೆದಿತ್ತು ಎಂಬ ಮಹಜರು ಅದು. ಅದನ್ನು ತೊಳೆದುಹಾಕಿ ಹೊಸ ವಿಂಡೋಸ್ ಹಾಕುತ್ತಾರೆ. ಎರಡು ದಿನ ಎಲ್ಲವೂ ಸರಿಯಿರುತ್ತದೆ, ಏಕೆಂದರೆ ಆ ಎರಡು ದಿನ ಅದರಲ್ಲಿ ಯಾರೂ ಭಾರದ ಕೆಲಸ ಮಾಡಿರುವುದಿಲ್ಲ.

ಇನ್ನೊಂದು ರೂಢಿ, ಡಬ್ಬಿಯನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಎಸ್.ಪಿ. ರಸ್ತೆಗೆ ಹೋಗುವುದು. ಬಿಡಿಭಾಗ ಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಈ ಊರಿನಲ್ಲಿಲ್ಲ, ಆ ಬಗ್ಗೆ ತಕರಾರಿಲ್ಲ. ಆದರೆ ಆಸ್ಪತ್ರೆ ಮೆಟ್ಟಿಲು ಹತ್ತಿದ ಕೂಡಲೇ ಇಳಿಯುವ ಜ್ವರದಂತೆ, ಅಂಗಡಿಯ ಮೇಜಿನ ಮೇಲೆ ಕಂಪ್ಯೂಟರ್ ಸಂಜೆಯವರೆಗೂ ಚೆನ್ನಾಗಿ ಓಡುತ್ತದೆ. ‘ನೋಡಿ ಸಾರ್, ಏನೂ ಇಲ್ಲ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅಲ್ಲಿಗೆ ಹೋದದ್ದು ಡಬ್ಬಿ ಮಾತ್ರ. ನಿಮ್ಮ ಮನೆಯ ಪ್ಲಗ್ಗು, ಹಳೆಯ ಎಕ್ಸ್‌ಟೆನ್ಷನ್ ಬೋರ್ಡು, ಮೆಟ್ಟಿಲ ಕೆಳಗಿನ ಇನ್ವರ್ಟರು, ಗೋಡೆಗೆ ಒತ್ತಿದ ಮೇಜಿನ ಖಾನೆ ಇವೆಲ್ಲ ಯಲಹಂಕದಲ್ಲೇ ಉಳಿದವು. ಹೋಗುವ ದಾರಿಯಲ್ಲಿ ಹೆಬ್ಬಾಳದ ಗುಂಡಿಗಳಿಗೆ ಕುಲುಕಿ ಸಡಿಲವಾಗಿದ್ದ ರ‍್ಯಾಮ್ ತಾನಾಗಿ ಸರಿಯಾಗಿ ಕೂತಿರಲೂಬಹುದು. ಹಾಗಾಗಿ ಈ ರೋಗದ ತಪಾಸಣೆ ಮನೆಯಲ್ಲೇ ಆಗಬೇಕು ಎಂಬುದು ನನ್ನ ಪಟ್ಟು.

ತನಗೆ ಬೇಕೆಂದಾಗ ಬರುವ, ಬೇಡವೆಂದಾಗ ಮಾಯವಾಗುವ ದೋಷವನ್ನು ಕಾಯುತ್ತಾ ಕೂತು ಪ್ರಯೋಜನವಿಲ್ಲ. ಅದನ್ನು ಕರೆಸಿಕೊಳ್ಳಬೇಕು. ನಾವು ಹೇಳಿದ ಹೊತ್ತಿಗೆ ಕಂಪ್ಯೂಟರ್ ಬೀಳುವ ಹಾಗೆ ಮಾಡಿಕೊಂಡರೆ, ಆಮೇಲೆ ಒಂದೊಂದನ್ನೇ ಬದಲಿಸುತ್ತಾ ಹೋಗಬಹುದು. ಒಂದೊಂದನ್ನೇ ಎಂಬುದನ್ನು ಒತ್ತಿ ಹೇಳುತ್ತೇನೆ. ರ‍್ಯಾಮ್, ಎಸ್‌ಎಂಪಿಎಸ್ ಎರಡನ್ನೂ ಒಟ್ಟಿಗೆ ಬದಲಿಸಿದವರಿಗೆ ರೋಗ ವಾಸಿಯಾಗಬಹುದು, ರೋಗ ಯಾವುದೆಂದು ಮಾತ್ರ ಎಂದಿಗೂ ತಿಳಿಯುವುದಿಲ್ಲ.

ಮೊದಲು ನೋಡಬೇಕಾದ್ದು ಬೀಳುವ ರೀತಿ. ಫ್ಯಾನು, ದೀಪ, ಪರದೆ ಎಲ್ಲ ಏಕಕಾಲಕ್ಕೆ ಸತ್ತು ಮತ್ತೆ ತಾನೇ ಹೊತ್ತಿಕೊಂಡರೆ ಕೈ ಕರೆಂಟಿನ ಕಡೆ ತೋರಿಸುತ್ತದೆ. ಚಿತ್ರ ನಿಂತು, ಹಾಡಿನ ಒಂದೇ ಚೂರು ಗರಗರ ಎಂದು ತಿರುಗುತ್ತಿದ್ದರೆ ಅದು ಹ್ಯಾಂಗ್, ಅದರ ದಾರಿ ಬೇರೆ. ನೀಲಿ ಪರದೆ ಬಂದು ಕೋಡ್ ತೋರಿಸಿದರೆ ಪುಣ್ಯ ಮಾಡಿದ್ದೀರಿ. 2025ರಿಂದ ವಿಂಡೋಸ್ 11ರಲ್ಲಿ ಆ ನೀಲಿ ಕಪ್ಪಾಗಿದೆ, ಬಣ್ಣ ಬದಲಾದರೂ ಕೋಡು ಇದ್ದೇ ಇದೆ. ಅದನ್ನು ಓದುವಷ್ಟರಲ್ಲಿ ರೀಸ್ಟಾರ್ಟ್ ಆಗಿಬಿಡುವುದರಿಂದ, ಸಿಸ್ಟಂ ಪ್ರಾಪರ್ಟೀಸಿಗೆ ಹೋಗಿ ತಾನಾಗಿ ರೀಸ್ಟಾರ್ಟ್ ಆಗುವ ಸೌಲಭ್ಯವನ್ನು ಮೊದಲು ತೆಗೆದುಹಾಕಿ.

ಇವೆಂಟ್ ವ್ಯೂವರ್ ತೆರೆದವರೆಲ್ಲ ‘ಕರ್ನಲ್-ಪವರ್ 41’ ಎಂಬ ಕೆಂಪು ಸಾಲನ್ನು ಕಂಡು, ‘ಪವರ್ ಅಂತ ಬರೆದಿದೆಯಲ್ಲ’ ಎಂದು ಹೊಸ ಎಸ್‌ಎಂಪಿಎಸ್ ತಂದುಬಿಡುತ್ತಾರೆ. ಆ ಸಾಲಿಗಿರುವ ಅರ್ಥ ಇಷ್ಟೇ: ಕಳೆದ ಸಲ ಕಂಪ್ಯೂಟರ್ ಕ್ರಮವಾಗಿ ಮುಚ್ಚಿಕೊಳ್ಳಲಿಲ್ಲ. ನೀವೇ ಪ್ಲಗ್ ಕಿತ್ತರೂ ಅದೇ ಸಾಲು ಬರುತ್ತದೆ. ಅದರ ವಿವರದೊಳಗೆ ಬಗ್‌ಚೆಕ್ ಕೋಡ್ ಸೊನ್ನೆಯಿದ್ದರೆ ನೀಲಿ ಪರದೆಗೂ ಪುರುಸೊತ್ತಿಲ್ಲದೆ ಬಿದ್ದಿದೆ ಎಂದು ತಿಳಿಯಬಹುದು, ಅಷ್ಟೇ. ‘ವೀಯಾ-ಲಾಗರ್’ ಎಂಬ ಹೆಸರಿನ ಸಾಲುಗಳು ಇದಕ್ಕಿಂತ ಬೆಲೆಯುಳ್ಳವು, ಹಾರ್ಡ್‌ವೇರ್ ತಾನೇ ತನ್ನ ತಪ್ಪನ್ನು ಹೇಳಿಕೊಳ್ಳುವುದು ಅಲ್ಲಿ.

ಈಗ ಕರೆಂಟಿಗೆ ಬರೋಣ, ಬೆಂಗಳೂರಿನ ಉತ್ತರ ಭಾಗದಲ್ಲಿ ಬಹುಪಾಲು ಕತೆ ಇಲ್ಲೇ ಶುರುವಾಗುವುದು. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಸಹಕಾರನಗರದಲ್ಲೋ ವಿದ್ಯಾರಣ್ಯಪುರದಲ್ಲೋ ಮರದ ಕೊಂಬೆ ತಂತಿಗೆ ತಾಗುತ್ತದೆ. ದೀಪ ಒಮ್ಮೆ ಕಣ್ಣು ಮಿಟುಕಿಸುತ್ತದೆ, ಟಿ.ವಿ. ಏನೂ ಆಗದಂತೆ ಮುಂದುವರಿಯುತ್ತದೆ, ಕಂಪ್ಯೂಟರ್ ಮಾತ್ರ ಬೀಳುತ್ತದೆ. ನಮ್ಮ ಕರೆಂಟು 50 ಹರ್ಟ್ಜ್, ಅಂದರೆ ಒಂದು ಅಲೆಗೆ 20 ಮಿಲಿಸೆಕೆಂಡ್. ಒಳ್ಳೆಯ ಎಸ್‌ಎಂಪಿಎಸ್ ಪೂರ್ತಿ ಭಾರದಲ್ಲಿ ಕರೆಂಟಿಲ್ಲದೆ ತಡೆದುಕೊಳ್ಳಬೇಕಾದ ಅವಧಿ ಸುಮಾರು 16–17 ಮಿಲಿಸೆಕೆಂಡ್, ಒಂದು ಅಲೆಗಿಂತಲೂ ಕಡಿಮೆ. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಅಷ್ಟೂ ತಡೆಯುವ ಭರವಸೆಯಿಲ್ಲ. ಮನೆಯ ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ. ಅದು ಇನ್ನೊಂದು ಕಡೆಗಿದ್ದರೆ ಬ್ಯಾಟರಿಗೆ ಬದಲಾಗಲು ಹಿಡಿಯುವ ಹೊತ್ತು ಫ್ಯಾನಿಗೆ ಸಾಕು, ಕಂಪ್ಯೂಟರಿಗೆ ಸಾಲದು. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಆದರಂತೂ ಇಂದಿನ ಆ್ಯಕ್ಟಿವ್ ಪಿಎಫ್‌ಸಿ ಎಸ್‌ಎಂಪಿಎಸ್‌ಗೂ ಅದಕ್ಕೂ ಅಷ್ಟಕ್ಕಷ್ಟೆ.

ಇನ್ನೊಬ್ಬ ಆರೋಪಿಯನ್ನು ಯಾರೂ ಸಂಶಯಿಸುವುದಿಲ್ಲ. ಅದು ಸಂಪಿನ ಮೋಟರು. ಮೋಟರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು ಕರೆಂಟು ಎಳೆಯುತ್ತದೆ, ಹಳೆಯ ವೈರಿಂಗ್ ಇದ್ದರೆ ಮನೆಯ ವೋಲ್ಟೇಜ್ ಆ ಕ್ಷಣಕ್ಕೆ ಕುಸಿಯುತ್ತದೆ. ನೀರು ಬಿಡುವ ದಿನ ಮಾತ್ರ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿದೆ ಎಂದರೆ ಮನೆಯವರು ನಗುತ್ತಾರೆ. ನಗಲಿ. ಕಂಪ್ಯೂಟರಿಗೆ ಭಾರದ ಕೆಲಸ ಕೊಟ್ಟು, ಒಬ್ಬರನ್ನು ಮೋಟರ್ ಸ್ವಿಚ್ಚಿನ ಹತ್ತಿರ ನಿಲ್ಲಿಸಿ, ಹಾಕಿ ಆರಿಸಿ ನೋಡಿ. ಬಿದ್ದರೆ ದುಡ್ಡು ಖರ್ಚಿಲ್ಲದೆ ಕಳ್ಳ ಸಿಕ್ಕಿದ ಹಾಗೆ. ಬೀಳದಿದ್ದರೆ ಎಕ್ಸ್‌ಟೆನ್ಷನ್ ಬೋರ್ಡು, ಇನ್ವರ್ಟರು ಎಲ್ಲವನ್ನೂ ಬಿಟ್ಟು, ಇನ್ನೊಂದು ಕೋಣೆಯ ಗೋಡೆಯ ಪ್ಲಗ್ಗಿಗೆ ನೇರ ಹಾಕಿ ಒಂದು ವಾರ ನಡೆಸಿ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆಯೇ? ಹಾಗಿದ್ದರೆ ಪ್ಲಗ್ಗಿನ ಮೂರನೆಯ ರಂಧ್ರದ ಹಿಂದೆ ಅರ್ತಿಂಗ್ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳು ಸೋರಿಸುವ ಅಲ್ಪ ಕರೆಂಟು ನೆಲಕ್ಕೆ ಹೋಗಲು ದಾರಿಯಿಲ್ಲದೆ ಡಬ್ಬಿಯ ಮೇಲೆ ಕೂತಿದೆ. ಮತ್ತೀಕೆರೆ, ಯಶವಂತಪುರದ ಹಳೆಯ ಮನೆಗಳಲ್ಲಿ ಇದು ಹೊಸದಲ್ಲ. ಈ ಸ್ಥಿತಿಯಲ್ಲಿ ಮುಂದಿನ ಯಾವ ಪರೀಕ್ಷೆಯನ್ನೂ ಮಾಡಬೇಡಿ, ಎಲೆಕ್ಟ್ರಿಷಿಯನ್ನನ್ನು ಕರೆಯಿರಿ.

ಎಸ್‌ಎಂಪಿಎಸ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಗ್ರಾಫಿಕ್ಸ್ ಕಾರ್ಡಿಗೆ ಮೂವತ್ತು ಸಾವಿರ ಸುರಿದು ಎಸ್‌ಎಂಪಿಎಸ್‌ಗೆ ಎರಡು ಸಾವಿರದಲ್ಲಿ ಚೌಕಾಸಿ ಮಾಡುವ ನಮ್ಮ ಜನರ ಲೆಕ್ಕಾಚಾರ ನನಗೆ ಅರ್ಥವಾಗಿಲ್ಲ. ಇಂದಿನ ಕಾರ್ಡುಗಳು ಕ್ಷಣಾರ್ಧದಲ್ಲಿ ತಮ್ಮ ಮಾಮೂಲಿಗಿಂತ ಬಹಳ ಹೆಚ್ಚು ವಿದ್ಯುತ್ತನ್ನು ಎಳೆಯುತ್ತವೆ. 2022ರಲ್ಲಿ ಬಂದ ಎಟಿಎಕ್ಸ್ 3.0 ಮಾನದಂಡ, ದೊಡ್ಡ ಕಾರ್ಡುಗಳಿಗಾಗಿ ಮಾಡಿದ ಎಸ್‌ಎಂಪಿಎಸ್ 100 ಮೈಕ್ರೊಸೆಕೆಂಡಿನ ಮಟ್ಟಿಗೆ ತನ್ನ ಸಾಮರ್ಥ್ಯದ ಎರಡು ಪಟ್ಟನ್ನು ತಾಳಿಕೊಳ್ಳಬೇಕು ಎಂದು ವಿಧಿಸಿದ್ದು ಇದಕ್ಕೇ. ಗೇಮ್ ಆಡುವಾಗ ಮಾತ್ರ ಬೀಳುತ್ತಿದ್ದರೆ ಕಾರ್ಡಿನ ಪವರ್ ಲಿಮಿಟ್ಟನ್ನು ಎಪ್ಪತ್ತು ಪರ್ಸೆಂಟಿಗೆ ಇಳಿಸಿ ನೋಡಿ. ಬೀಳುವುದು ನಿಂತರೆ ಕಾರ್ಡು, ಎಸ್‌ಎಂಪಿಎಸ್ ಇವೆರಡರಲ್ಲೇ ಹುಡುಕಬೇಕು.

ರ‍್ಯಾಮ್‌ಗೆ ನಮ್ಮಲ್ಲಿರುವ ಮನೆಮದ್ದು ರಬ್ಬರು. ಕಾಪಿ ಅಳಿಸುವ ರಬ್ಬರಿನಿಂದ ಚಿನ್ನದ ಬಣ್ಣದ ಹಲ್ಲುಗಳನ್ನು ಉಜ್ಜಿ ಮತ್ತೆ ಕೂರಿಸುವುದು. ಎಷ್ಟೋ ಸಲ ಇದು ಫಲಿಸುತ್ತದೆ, ಆದರೆ ಫಲಿಸಿದ್ದು ಉಜ್ಜಿದ್ದರಿಂದಲ್ಲ, ಬಿಚ್ಚಿ ಸರಿಯಾಗಿ ಕೂರಿಸಿದ್ದರಿಂದ ಎಂಬುದು ನನ್ನ ಗುಮಾನಿ. ನಿಜವಾದ ಪರೀಕ್ಷೆಗೆ ಮೆಮ್‌ಟೆಸ್ಟ್86 ಬೇಕು. ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಬೂಟ್ ಮಾಡಿ, ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ತಪ್ಪು ತೋರಿಸಿದರೂ ಫೇಲ್, ಇಲ್ಲಿ ಗ್ರೇಸ್ ಮಾರ್ಕ್ಸ್ ಇಲ್ಲ. ಆಮೇಲೆ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆಫ್ ಮಾಡಿ ಮತ್ತೆ ಓಡಿಸಿ. ಪೊಟ್ಟಣದ ಮೇಲೆ ದೊಡ್ಡದಾಗಿ ಬರೆದ ವೇಗ ಎಕ್ಸ್‌ಎಂಪಿ ಹಾಕಿದಾಗ ಬರುವ ವೇಗ, ಅದು ಒಂದು ಬಗೆಯ ಓವರ್‌ಕ್ಲಾಕಿಂಗ್. ಎಲ್ಲ ಮದರ್‌ಬೋರ್ಡಿಗೂ ಅದು ಒಗ್ಗುವುದಿಲ್ಲ. ಅಲ್ಲಿಗೂ ತಪ್ಪು ಬಂದರೆ ಒಂದೊಂದೇ ಕಡ್ಡಿಯನ್ನು ಒಂದೇ ಸ್ಲಾಟಿನಲ್ಲಿ ಇಟ್ಟು ನೋಡಿ, ಕಡ್ಡಿಯ ದೋಷವೋ ಸ್ಲಾಟಿನದೋ ತಿಳಿಯುತ್ತದೆ.

ರ‍್ಯಾಮ್ ವಿಷಯಕ್ಕೆ ಬಂದಾಗಲೆಲ್ಲ ಸ್ವಲ್ಪ ಓದಿಕೊಂಡವರು ಆಕಾಶದ ಕಡೆ ಬೆರಳು ತೋರಿಸುತ್ತಾರೆ: ಕಾಸ್ಮಿಕ್ ಕಿರಣ ಬಡಿದು ಒಂದು ಬಿಟ್ ತಿರುಗಿರಬೇಕು! ಕತೆ ಸುಳ್ಳಲ್ಲ. 2003ರಲ್ಲಿ ಬೆಲ್ಜಿಯಂನ ಸ್ಖಾರ್‌ಬೇಕ್‌ ಎಂಬಲ್ಲಿ ಒಬ್ಬ ಅಭ್ಯರ್ಥಿಗೆ ಎಲ್ಲಿಂದಲೋ 4,096 ಹೆಚ್ಚುವರಿ ಮತ ಬಂದಿತ್ತು, ಸರಿಯಾಗಿ ಎರಡರ ಹನ್ನೆರಡನೆಯ ಘಾತ. ಒಂದು ಬಿಟ್ ತಾನಾಗಿ ತಿರುಗಿದ್ದೇ ಕಾರಣವೆಂದು ಆಗ ತೀರ್ಮಾನಿಸಿದರು. ಕಾಸ್ಮಿಕ್ ಕಿರಣಗಳಿಗೂ ನಮ್ಮ ಊರಿಗೂ ಹಳೆಯ ನಂಟು ಬೇರೆ ಇದೆ. ಯಶವಂತಪುರದ ಪಕ್ಕದ ಐಐಎಸ್‌ಸಿಯಲ್ಲಿ ಹೋಮಿ ಭಾಭಾ ಇವುಗಳ ಸಂಶೋಧನಾ ಘಟಕ ಕಟ್ಟಿದ್ದರು. ಈ ಕಿರಣಗಳು ಎಷ್ಟು ಆಳಕ್ಕೆ ಇಳಿಯುತ್ತವೆ ಎಂದು ಅಳೆಯಲು ಭೌತವಿಜ್ಞಾನಿ ಬಿ.ವಿ. ಶ್ರೀಕಂಠನ್ 1951ರಲ್ಲಿ ಕೋಲಾರದ ಚಿನ್ನದ ಗಣಿಗೆ ಇಳಿದರು. ಅದೇ ಗಣಿಯ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಕಾಸ್ಮಿಕ್ ಕಿರಣಗಳ ಗದ್ದಲ ಅಡಗಿದ ಜಾಗದಲ್ಲಿ, 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿಗೆ ಈ ಕಿರಣಗಳು ಮಂಗಳೂರಿಗಿಂತ ಹೆಚ್ಚಾಗಿಯೇ ಬೀಳುತ್ತವೆ ಎಂಬುದೂ ನಿಜ.

ಹಾಗೆಂದು ನಿಮ್ಮ ಕಂಪ್ಯೂಟರ್ ವಾರಕ್ಕೆ ಮೂರು ಸಲ ಬೀಳುವುದನ್ನು ಆಕಾಶದ ತಲೆಗೆ ಕಟ್ಟಬೇಡಿ. ಗೂಗಲ್ ತನ್ನ ಸರ್ವರುಗಳ ರ‍್ಯಾಮ್ ದೋಷಗಳನ್ನು ವರ್ಷಗಟ್ಟಲೆ ದಾಖಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಕ್ಕೆ ಶೇ. 8ಕ್ಕೂ ಹೆಚ್ಚು ಕಡ್ಡಿಗಳು ತಪ್ಪು ತೋರಿಸಿದ್ದವು. ಆ ತಪ್ಪುಗಳು ಎಲ್ಲ ಕಡ್ಡಿಗಳಿಗೂ ಸಮನಾಗಿ ಹಂಚಿಹೋಗಿರಲಿಲ್ಲ, ಒಮ್ಮೆ ತಪ್ಪಿದ ಕಡ್ಡಿಯೇ ಮತ್ತೆ ಮತ್ತೆ ತಪ್ಪುತ್ತಿತ್ತು. ಮೈಕ್ರೋಸಾಫ್ಟಿನವರು ಸುಮಾರು ಹತ್ತು ಲಕ್ಷ ಸಾಮಾನ್ಯರ ಕಂಪ್ಯೂಟರುಗಳನ್ನು ನೋಡಿ 2011ರಲ್ಲಿ ಹೇಳಿದ್ದೂ ಅದನ್ನೇ. ಸಾಕಷ್ಟು ಓಡಿದ ಯಂತ್ರಗಳಲ್ಲಿ ಪ್ರೊಸೆಸರಿನ ದೋಷದಿಂದ ಮೊದಲ ಸಲ ಬೀಳುವುದು 190ರಲ್ಲಿ ಒಂದು. ಹಾಗೆ ಒಮ್ಮೆ ಬಿದ್ದದ್ದು ಮತ್ತೆ ಬೀಳುವುದು ಸರಿಸುಮಾರು ಮೂರರಲ್ಲಿ ಒಂದು! ‘ಒಂದೇ ಸಲ ಆಯ್ತು, ನೋಡೋಣ ಬಿಡಿ’ ಎನ್ನುವವರು ಈ ಲೆಕ್ಕವನ್ನು ಗೋಡೆಗೆ ಅಂಟಿಸಿಕೊಳ್ಳಲಿ. ಅಸೆಂಬಲ್ ಮಾಡಿಸಿದ ಯಂತ್ರಗಳು ಕಂಪನಿ ಯಂತ್ರಗಳಿಗಿಂತ ಹೆಚ್ಚು ಬೀಳುತ್ತವೆ ಎಂದೂ ಅದರಲ್ಲಿದೆ. ನನ್ನಂಥ ಅಸೆಂಬಲ್ ಭಕ್ತರಿಗೆ ಇದು ರುಚಿಸುವ ಮಾತಲ್ಲ.

ಬಿಸಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಹೆಬ್ಬಾಳದ ಸುತ್ತ ಮೆಟ್ರೊ ಕಾಮಗಾರಿಯ ಧೂಳು ಯಾವ ಮನೆಯನ್ನೂ ಬಿಟ್ಟಿಲ್ಲ. ಬ್ಲೋವರ್ ಹಿಡಿದು ಹೊಡೆಯಿರಿ, ಹೊಡೆಯುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಲ್ಲಿ ಹಿಡಿದುಕೊಳ್ಳಿ. ಇಂದಿನ ಪ್ರೊಸೆಸರ್ ಬಿಸಿಯಾದರೆ ಬೀಳುವ ಮೊದಲು ನಿಧಾನವಾಗುತ್ತದೆ, ಆದ್ದರಿಂದ ಬಿಸಿಯನ್ನು ಮೊದಲ ಆರೋಪಿ ಮಾಡಬೇಕಿಲ್ಲ.

ಪ್ರೊಸೆಸರನ್ನು ಬೀಳಿಸಲು ನನಗೆ ಇಷ್ಟವಾದ ಉಪಾಯ ಪ್ರೈಮ್95. ದೊಡ್ಡ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು 1996ರಲ್ಲಿ ಹುಟ್ಟಿದ ತಂತ್ರಾಂಶ ಅದು. ಅದರ ಪರೀಕ್ಷೆಯಲ್ಲಿ ಕೊಡುವ ಲೆಕ್ಕಗಳಿಗೆ ಉತ್ತರ ಮೊದಲೇ ಗೊತ್ತಿರುತ್ತದೆ, ಪ್ರೊಸೆಸರ್ ತಪ್ಪು ಉತ್ತರ ಬರೆದರೆ ಅಲ್ಲೇ ನಿಂತು ಹೇಳುತ್ತದೆ.

ಕೊನೆಗೆ, ಪರದೆಯ ಮೇಲೆ ಬರುವ ಮಾತನ್ನು ಪೂರ್ತಿ ನಂಬಬಾರದು. ಎಡವಿದವನ ಹೆಸರು ಅಲ್ಲಿರುತ್ತದೆ, ತಳ್ಳಿದವನದಲ್ಲ. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಪ್ರೊಸೆಸರುಗಳ ಪ್ರಕರಣ ಇದಕ್ಕೆ ದೊಡ್ಡ ಉದಾಹರಣೆ. ಗೇಮುಗಳು ‘ವಿಡಿಯೊ ಮೆಮೊರಿ ಸಾಲದು’ ಎಂದು ಹೇಳಿ ಬೀಳುತ್ತಿದ್ದವು, ಓದಿದವರು ಗ್ರಾಫಿಕ್ಸ್ ಕಾರ್ಡನ್ನು ಬೈದರು, ಬದಲಿಸಿದರು. ತಪ್ಪಿದ್ದದ್ದು ಪ್ರೊಸೆಸರಿನೊಳಗೆ: ಮಿತಿಮೀರಿದ ವೋಲ್ಟೇಜಿನಿಂದ ಅದು ದಿನೇ ದಿನೇ ಸವೆಯುತ್ತಿತ್ತು. 2024ರ ಆಗಸ್ಟಿನಲ್ಲಿ ಇಂಟೆಲ್ ಮೈಕ್ರೊಕೋಡ್ ತಿದ್ದುಪಡಿ ತಂದಿತು. ಅದು ಬಯಾಸ್ ಅಪ್‌ಡೇಟಿನ ಮೂಲಕ ಬರುತ್ತದೆ, ಮುಂದೆ ಸವೆಯದಂತೆ ತಡೆಯುತ್ತದೆ, ಈಗಾಗಲೇ ಸವೆದದ್ದನ್ನು ಸರಿಮಾಡುವುದಿಲ್ಲ. ಅಂಥದ್ದನ್ನು ಫಾರ್ಮ್ಯಾಟ್ ಮಾಡಿ ಏನು ಬಂತು!

ನಿಮ್ಮ ಮನೆಯಲ್ಲಿ ಆ ಪೀಳಿಗೆಯ ಕೋರ್ ಐ7 ಅಥವಾ ಐ9 ‘ಕೆ’ ಪ್ರೊಸೆಸರ್ ಇದ್ದರೆ ಮೊದಲು ಬಯಾಸ್ ಅಪ್‌ಡೇಟ್ ಮಾಡಿ. ಡಬ್ಬದಲ್ಲಿ ಕೊಂಡ ಅಂಥ ಪ್ರೊಸೆಸರುಗಳಿಗೆ ಮೂರು ವರ್ಷವಿದ್ದ ವಾರಂಟಿಯನ್ನು ಇಂಟೆಲ್ ಇನ್ನೆರಡು ವರ್ಷ ವಿಸ್ತರಿಸಿದೆ. 2023ರಲ್ಲಿ ಕೊಂಡಿದ್ದರೆ 2028ರವರೆಗೆ ನಡೆಯುತ್ತದೆ. ಬಿಲ್ ಎಲ್ಲಿದೆ ನೋಡಿ.